ಕಳುವಾದ ಮೇಲೂ ನನ್ನಲ್ಲೇ ಇದ್ದ ಮಾಲು

ಹಿಡಿದದ್ದನ್ನು ಬಿಡದಿರುವುದು ನನ್ನ ಹುಟ್ಟುಗುಣ. ಹೆಂಡತಿ ಇದನ್ನು ಹಟ ಎನ್ನುತ್ತಾಳೆ, ನಾನು ಛಲ ಎನ್ನುತ್ತೇನೆ. ಮದುವೆಯಾದಾಗಿನಿಂದ ಇದೊಂದು ತೀರ್ಮಾನವಾಗದ ವ್ಯಾಜ್ಯ. ಈಗ ಕಂಪ್ಯೂಟರಿನೊಳಗಿನ ಕಳ್ಳತನಕ್ಕೂ ಕಾಯ್ದೆ ಇದೆ ಎಂದು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ತೊಂಬತ್ತರ ದಶಕದ ಸಿಂಧನೂರಿನಲ್ಲಿ ನನಗೆ ಕಾಯ್ದೆಯ ಒಂದೇ ಒಂದು ಕಲಂ ಬೇಕಾಗಿದ್ದಾಗ ಇದೆಲ್ಲ ಎಲ್ಲಿ ಹೋಗಿತ್ತು?

ಆಗ ಬಸ್ ನಿಲ್ದಾಣದ ಎದುರು ನನ್ನದೊಂದು ಕಂಪ್ಯೂಟರ್ ಅಂಗಡಿ. ರೈಸ್ ಮಿಲ್ಲಿನವರಿಗೆ ಅಕ್ಕಿ ಚೀಲದ ಮೇಲೆ ಅಚ್ಚು ಹಾಕಿಸಲು ನವಿಲು, ಗಿಳಿ, ಜಿಂಕೆ ಬರೆದುಕೊಡುತ್ತಿದ್ದೆ. ಎರಡು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಬರೆದ ಮೂವತ್ತಾರು ಚಿತ್ರಗಳು! ಕಂಪ್ಯೂಟರಿನ ಹೊಟ್ಟೆ ತುಂಬಿದ್ದರಿಂದ ಅಷ್ಟನ್ನೂ ಹಪ್ಪಳದಂಥ ಒಂದೇ ಫ್ಲಾಪಿಯಲ್ಲಿಟ್ಟಿದ್ದೆ. ಮಸ್ಕಿಯಲ್ಲಿ ಹೊಸದಾಗಿ ಇಂಥದೇ ಅಂಗಡಿ ತೆರೆದಿದ್ದ ವೀರೇಶ, "ನೋಡಿ ಕೊಡ್ತೀನಿ ಅಣ್ಣಾ" ಎಂದು ಒಯ್ದವನು ಮರುದಿನವೇ ತಂದುಕೊಟ್ಟ. ಎಂಥ ಸಜ್ಜನ ಎಂದುಕೊಂಡೆ. ತಿಂಗಳೊಳಗೆ ನನ್ನ ನವಿಲು ಮಸ್ಕಿಯ ಚೀಲಗಳ ಮೇಲೆ ಕುಣಿಯತೊಡಗಿತು. ನನ್ನ ಗಿರಾಕಿಗಳೂ ಅತ್ತ ಹೊರಟರು.

ಫ್ಲಾಪಿ ಹಿಡಿದುಕೊಂಡು ಠಾಣೆಗೆ ಹೋದೆ. ಹವಾಲ್ದಾರರು ಪೆನ್ನು ತೆರೆದು, "ಏನ್ ಕಳುವಾಗೈತ್ರೀ?" ಎಂದರು.

"ಚಿತ್ರಗಳ್ರೀ. ಇದರಾಗಿದ್ವು."

"ಈಗ ಎಲ್ಲಿ ಅದಾವು?"

"ಇದರಾಗ ಅದಾವ್ರೀ."

ಪೆನ್ನು ಮುಚ್ಚಿದರು. "ಎಮ್ಮಿ ಕಳುವಾದ್ರ ಗೂಟಾನರ ಖಾಲಿ ಇರ್ತೈತ್ರೀ. ನಿಮ್ಮ ಗೂಟದಾಗ ಎಮ್ಮಿ ಐತಿ, ಮ್ಯಾಲೆ ಕಂಪ್ಲೇಂಟೂ ಐತಿ!"

"ಅದರಂಥದ್ದ ಇನ್ನೊಂದು ಎಮ್ಮಿ ಮಾಡ್ಕೊಂಡಾನ್ರೀ ಅವ."

"ಭೇಷ್ ಆತಲ್ರೀ! ನಮಗೂ ಒಂದು ಮಾಡಿಕೊಡಾಕ ಹೇಳ್ರಿ."

ಅವರ ದಪ್ಪ ಪುಸ್ತಕದಲ್ಲಿ ದನ ಕದ್ದರೆ, ಕರೆಂಟು ಕದ್ದರೆ ಕಲಂ ಇತ್ತು. ನವಿಲಿನ ನಕಲಿಗೆ ಇರಲಿಲ್ಲ. ನಾನು ಬಿಡುವವನೇ? ವಾರವಿಡೀ ದಿನಾ ಹೋಗಿ ಬೆಂಚಿನ ಮೇಲೆ ಕೂತೆ. ಏಳನೆಯ ದಿನ ಆ ಪುಣ್ಯಾತ್ಮರು ನಿಟ್ಟುಸಿರು ಬಿಟ್ಟು, "ನಂಬಿಸಿ ಮೋಸ ಮಾಡ್ಯಾನ ಅಂತ ಬರ್ಕೋತೀನಿ. ಸಾಕ್ಷಿಗೆ ಮುದ್ದೆಮಾಲು ಕೊಡ್ರಿ" ಎಂದರು. ಗೆದ್ದೆನೆಂದು ಫ್ಲಾಪಿಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವರು ದಬ್ಬಣ ತೆಗೆದು ಅದರ ನಡುಮೈಗೆ ಚುಚ್ಚಿ, ದಾರ ಪೋಣಿಸಿ, ಫೈಲಿಗೆ ಬಿಗಿದು, ಗಂಟಿನ ಮೇಲೆ ಅರಗು ಸುರಿದು ಮುದ್ರೆ ಒತ್ತಿದರು.

"ಅಯ್ಯಯ್ಯೋ, ಎಲ್ಲಾ ಹೋತಲ್ರೀ!" ಎಂದು ಕೂಗಿದೆ.

"ಎಲ್ಲಿಗೂ ಹೋಗಂಗಿಲ್ಲ. ಗಂಟು ಗಟ್ಟಿ ಐತಿ" ಎಂದು ಬೆನ್ನು ತಟ್ಟಿದರು.

ತೂತು ಬಿದ್ದ ಫ್ಲಾಪಿಯನ್ನು ಯಾವ ಕಂಪ್ಯೂಟರೂ ಓದುವುದಿಲ್ಲ. ಈಗ ನನ್ನ ಎರಡು ವರ್ಷದ ದುಡಿಮೆ ಜಗತ್ತಿನಲ್ಲಿ ಒಂದೇ ಕಡೆ ಉಳಿದಿತ್ತು. ಒಂದು ಖಾಲಿ ಫ್ಲಾಪಿ ಹಿಡಿದು ಮಸ್ಕಿಯ ಬಸ್ಸು ಹತ್ತಿದೆ. ತಲೆ ತಗ್ಗಿಸಿ ಅವನ ಅಂಗಡಿ ಹೊಕ್ಕೆ. ವೀರೇಶ ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು. "ಬರ್ರಿ ಅಣ್ಣಾ, ಚಾ ಕುಡೀರಿ" ಎಂದು ಮೂವತ್ತಾರನ್ನೂ ಕಾಪಿ ಮಾಡಿಕೊಟ್ಟ.

ಸಿಂಧನೂರಿನಲ್ಲಿ ಇಳಿದರೆ ನಿಲ್ದಾಣದಲ್ಲೇ ಹವಾಲ್ದಾರರು! "ಏನ್ರೀ, ನಿಮ್ಮ ಮಾಲು ಎಲ್ಲೇನರ ಕಣ್ಣಿಗೆ ಬಿತ್ತೇನು?"

ಅವರ ಅಂಗಿ ಜೇಬಿನಲ್ಲಿ ದಬ್ಬಣದ ತುದಿ ಹೊಳೆಯುತ್ತಿತ್ತು. ನಾನು ಫ್ಲಾಪಿಯನ್ನು ಬನಿಯನ್ನಿನೊಳಕ್ಕೆ ಇನ್ನಷ್ಟು ತಳ್ಳಿಕೊಂಡು, ಪಕ್ಕಾ ಕಳ್ಳನಂತೆ, "ಇಲ್ರೀ ಸಾಹೇಬ್ರ" ಎಂದೆ.