ಅಪ್ರಾಪ್ತ ವಯಸ್ಕರಾದ ಕಪ್ತಾನ್ ದೋನ್ ಲೋಪೆ

ಐವತ್ತು ದಾಟಿದವರು ಈ ದ್ವೀಪದ ಗವರ್ನರ್ ಆಗತಕ್ಕದ್ದಲ್ಲ ಎಂದು ಸ್ಪೇನಿನ ದೊರೆಗಳಿಂದ ಅಪ್ಪಣೆ ಬಂದ ವಾರದಲ್ಲೇ, ಅರವತ್ತೇಳು ವರ್ಷದ ಕಪ್ತಾನ್ ದೋನ್ ಲೋಪೆ ದೆ ಬರಾಓನ ಅವರು ಯೌವನದ ಬುಗ್ಗೆಯನ್ನು ಹುಡುಕಲು ಹೊರಟರು. ಸಾಂತಾ ಒಲಾಯ ಪಟ್ಟಣದ ಸರಕಾರಿ ಬರಹಗಾರನಾದ ನಾನೂ ಜೊತೆಗಿದ್ದೆ. ಪವಾಡಕ್ಕೆ ಮೊಹರು ಬೇಕಲ್ಲ.

ಬುಗ್ಗೆ ಸಿಕ್ಕಿತು. ಅದು ಗ್ವಾನಿ ಎಂಬ ಸ್ಥಳೀಯನ ಹಳ್ಳಿಯಲ್ಲಿ, ಮರಗೆಣಸಿನ ತೋಟದ ಪಕ್ಕದಲ್ಲೇ ಇತ್ತು. ಕಪ್ತಾನರು ಲ್ಯಾಟಿನ್ನಿನಲ್ಲಿ ಘೋಷಣೆ ಓದಿಸಿದರು: ತಾವು ಗವರ್ನರ್ ಆದ ದಿನದಿಂದ ಬುಗ್ಗೆ, ಹಳ್ಳಿ, ಹಳ್ಳಿಯ ಜನ ಎಲ್ಲವೂ ತಮ್ಮ ಸ್ವತ್ತು; ಜನರು ಚಿನ್ನ ಜಾಲಿಸಲು ಹೊಳೆಗಿಳಿಯತಕ್ಕದ್ದು. ಆಕ್ಷೇಪಣೆಗಳನ್ನು ಲ್ಯಾಟಿನ್ನಿನಲ್ಲೇ ಸಲ್ಲಿಸಬೇಕು. ಯಾರೂ ಸಲ್ಲಿಸಲಿಲ್ಲ. ಹಿಂದೆ ಹಾಗೆ ಹೊಳೆಗಿಳಿದ ಪಕ್ಕದ ಹಳ್ಳಿಯವರಲ್ಲಿ ಒಬ್ಬರೂ ಮನೆಗೆ ಮರಳಿರಲಿಲ್ಲ.

"ದಣಿ, ಇದು ಬರೀ ನೀರು," ಎಂದ ಗ್ವಾನಿ. "ನಮ್ಮಜ್ಜ ದಿನಾ ಇದನ್ನೇ ಕುಡೀತಿದ್ದ. ಮುದುಕನಾಗೇ ಸತ್ತ."

"ನಂಬಿಕೆ ಇಲ್ದೆ ಕುಡಿದ್ರೆ ಇನ್ನೇನಾಗುತ್ತೆ?" ಎಂದು ಕಪ್ತಾನರು ಒಂದು ಚೊಂಬು ಎತ್ತಿದರು. ತಕ್ಷಣ ಇಪ್ಪತ್ತರ ಹುಡುಗರಾದರು. ಚಿನ್ನದಲ್ಲಿ ಪಾಲು ಸಿಗಲಿದ್ದ ಸಿಪಾಯಿಗಳೆಲ್ಲ ಶಿಲುಬೆ ಮುಟ್ಟಿ ಪ್ರಮಾಣ ಮಾಡಿದರು. ಗಡ್ಡ ಮಾತ್ರ ಬೆಳ್ಳಗೇ ಉಳಿಯಿತು. ಅದು ಅಪ್ಪಣೆಗೆ ಮುಂಚೆ ಬೆಳೆದ ಗಡ್ಡವಾದ್ದರಿಂದ ಲೆಕ್ಕಕ್ಕಿಲ್ಲವೆಂದು ತೀರ್ಮಾನವಾಯಿತು.

ಪಟ್ಟಣದ ನ್ಯಾಯಾಧೀಶರು ಹೊಸ ವಯಸ್ಸನ್ನು ಸಂತೋಷದಿಂದ ಒಪ್ಪಿ, ಆಮೇಲೆ ಕಾನೂನು ತೆಗೆದರು. ಇಪ್ಪತ್ತೈದು ತುಂಬದವರು ಹುದ್ದೆ ಹಿಡಿಯುವಂತಿಲ್ಲ, ಸ್ವತ್ತು ಪಡೆಯುವಂತಿಲ್ಲ, ಅವರಿಗೆ ಪೋಷಕರು ಬೇಕು.

ಕಪ್ತಾನರು ಚೌಕಾಸಿಗಿಳಿದರು. "ಮೂವತ್ತು ಅಂತ ಬರ್ಕೊಳ್ಳಿ ಸ್ವಾಮಿ. ಚೊಂಬಿನ ತಳದಲ್ಲಿ ಸ್ವಲ್ಪ ಬಿಟ್ಟಿದ್ದೆ."

ಚೊಂಬು ಗ್ವಾನಿಯದು. ಸಾಕ್ಷಿಗೆಂದು ಕರೆತಂದಿದ್ದ ಅವನನ್ನೇ ನ್ಯಾಯಾಧೀಶರು ಕೇಳಿದರು. ಹಳ್ಳಿಯ ಹಣೆಬರಹ ತನ್ನ ನಾಲಿಗೆಯ ಮೇಲಿದೆಯೆಂದು ಅವನಿಗೆ ಗೊತ್ತಾಗಿತ್ತು.

"ಬಿಡೋದಾ? ಸಿಪಾಯಿಗಳೆಲ್ಲ ಊಟಕ್ಕೆ ಕೂತಾಗ ಇವ್ರು ಬಂದು ಇನ್ನೊಂದು ಗುಟುಕು ಇಳಿಸಿದ್ರು. ಕಣ್ಣಾರೆ ಕಂಡೆ. ಈ ಮಗೂಗೆ ಏಳು ದಾಟಿಲ್ಲ ಸ್ವಾಮಿ."

"ಸುಳ್ಳು! ಅದು ಬರೀ ನೀರು ಕಣೋ!" ಎಂದು ಕಪ್ತಾನರು ಕೂಗಿದರು.

"ಹಾಗಾದ್ರೆ ನಿಮಗೆ ಅರವತ್ತೇಳೇ?" ಎಂದರು ನ್ಯಾಯಾಧೀಶರು. "ಸುಳ್ಳು ಪ್ರಮಾಣಕ್ಕೆ ನಿಮ್ಮನ್ನೂ ಸಿಪಾಯಿಗಳನ್ನೂ ಸರಪಳಿ ಹಾಕಿ ಹಡಗಿಗೆ ಕಳಿಸಬೇಕಾಗುತ್ತೆ."

"ಏಳೇ ಸ್ವಾಮಿ!" ಎಂದರು ಸಿಪಾಯಿಗಳು ಒಕ್ಕೊರಲಿನಲ್ಲಿ.

ಕೊನೆಗೆ ಕಪ್ತಾನರೂ "ಏಳು," ಎಂದರು.

ಅವರ ಹೆಂಡತಿ ದೋನ್ಯಾ ಬ್ರಿಯಾಂದ ಅವರೇ ಪೋಷಕಿಯಾಗಿ ನೇಮಕವಾದರು. "ಅರವತ್ತಕ್ಕೆ ಅರಳು ಮರಳು ಅಂತಾರೆ, ಇವ್ರಿಗೆ ಏಳಕ್ಕೇ ಬಂತು," ಎನ್ನುತ್ತ ಗಂಡನ ಸೊಂಟದಿಂದ ಕೀಲಿಕೈ ಗೊಂಚಲನ್ನೂ ಕತ್ತಿಯನ್ನೂ ಬಿಚ್ಚಿಕೊಂಡರು. ಏಳರ ಹುಡುಗನಿಗೆ ನಲವತ್ತು ವರ್ಷದ ಹಿಂದೆ ಮದುವೆ ಹೇಗಾಯಿತು ಎಂಬ ಪ್ರಶ್ನೆ ಪಾದ್ರಿಗಳ ಪರಿಶೀಲನೆಯಲ್ಲಿದೆ.

ಕಪ್ತಾನರು ಪ್ರಾಪ್ತ ವಯಸ್ಕರಾಗುವ ತನಕ ಹಳ್ಳಿಯು ಹಳ್ಳಿಯವರದೇ ಎಂದು ಆದೇಶವಾಗಿದೆ. ಆದ್ದರಿಂದ ಅವರ ಪ್ರತಿ ಹುಟ್ಟುಹಬ್ಬಕ್ಕೂ ಗ್ವಾನಿ ತಪ್ಪದೆ ಒಂದು ಗುಟುಕು ಬುಗ್ಗೆಯ ನೀರು ತರುತ್ತಾನೆ. ಮಠದ ಶಾಲೆಯಲ್ಲಿ ಮಕ್ಕಳ ನಡುವೆ ಕೂತು ಅಕ್ಷರ ತಿದ್ದುವ ಕಪ್ತಾನರು ಮೂಗು ಹಿಡಿದು ಕುಡಿಯುತ್ತಾರೆ. ಏರಿದ ವರ್ಷ ಅಲ್ಲೇ ಇಳಿಯುತ್ತದೆ.

ಕಳೆದ ವಾರ ಅವರ ಮುಂದಿನ ಎರಡು ಹಲ್ಲು ಬಿದ್ದವು. ವೈದ್ಯರು ಬಾಯಿ ತೆರೆಸಿ ನೋಡಿ, ಹಾಲುಹಲ್ಲು, ಗಾಬರಿಪಡಬೇಕಾದ್ದಿಲ್ಲ ಎಂದರು. ದೋನ್ಯಾ ಬ್ರಿಯಾಂದ ಓಣಿಗೆಲ್ಲ ಸಿಹಿ ಹಂಚಿದರು.