ನಾಲ್ಕು ತಾಲೂಕಿನ ಎಮ್ಮೆಗಳು ಸತ್ತ ಸೋಮವಾರ

"ಅಂಜಿದವರ ಮ್ಯಾಲೆ ಹಾವು ಒಗದ್ರಂತ" ಎಂದು ನಾನು ಚಿಕ್ಕವಳಿದ್ದಾಗ ಅವ್ವ ಹೇಳುತ್ತಿದ್ದಳು. ಅಂಜುವವರನ್ನೇ ಅಂಜಿಕೆಯ ಸಂಗತಿಗಳು ಹುಡುಕಿಕೊಂಡು ಬರುತ್ತವೆ ಎಂಬುದು ಅದರ ಭಾವ. ಈಗ ನನಗೊಂದು ಸಂಶಯ. ಒಗೆದವನು ಆ ಹಾವನ್ನು ಮೊದಲು ಕೈಯಲ್ಲಿ ಹಿಡಿದಿರಲೇಬೇಕಲ್ಲ? ಅವನ ಎದೆ ಎಷ್ಟು ಹೊಡೆದುಕೊಂಡಿತೆಂದು ಗಾದೆ ಏಕೆ ಹೇಳುವುದಿಲ್ಲ?

ಕನ್ನಡ ಎಂ.ಎ. ಮುಗಿಸಿ ನಾನು ಸೇರಿದ್ದು ಶಿಗ್ಗಾಂವಿಯ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಗೆ. ಕೇಳಿದವರಿಗೆ ಮೊಬೈಲ್ ಆಪ್ ಮಾಡಿಕೊಡುವುದು ಅಲ್ಲಿಯ ಕಸುಬು. ತೆರೆಯ ಮೇಲೆ ಮೂಡುವ ಕನ್ನಡವನ್ನೆಲ್ಲ ಬರೆಯುವುದು, ಹಳ್ಳಿಗೆ ಹೋಗಿ ಆಪ್ ಕಲಿಸುವುದು ನನ್ನ ಪಾಲು. ಮೊದಲ ಕೆಲಸವೇ ನಾಲ್ಕು ತಾಲೂಕಿನ ಎಮ್ಮೆ ಸಾಕುವವರ ಸಂಘದ್ದು: ಲಸಿಕೆಯ ದಿನವನ್ನು ಎರಡು ದಿನ ಮೊದಲೇ ನೆನಪಿಸುವ ಆಪ್. ಮಾಲೀಕರು ಅಂದೇ ಹೇಳಿದರು, "ಸಂಘದವ್ರು ಆಪ್ ಒಪ್ಪಿದ್ರ ನೀವು ಕಾಯಂ. ಒಪ್ಪಲಿಲ್ಲಂದ್ರ, ನೋಡ್ರಿ ಮತ್ತ." ಆ "ನೋಡ್ರಿ ಮತ್ತ" ನನ್ನ ಬೆನ್ನ ಹಿಂದೆಯೇ ನಡೆಯತೊಡಗಿತು. ಮೊದಲು ಅಂಜಿಸಿ ಆಮೇಲೆ ನಗಿಸುವ ಪ್ರಸಂಗಗಳು ಅಂದಿನಿಂದ ತಪ್ಪಿಲ್ಲ.

೧. ಜಾಗದ ಗುಟ್ಟು

ಸವಣೂರಿನಲ್ಲಿ ಎಲೆತೋಟದ ಯಜಮಾನರೊಬ್ಬರ ಫೋನಿಗೆ ಆಪ್ ಹಾಕಿಕೊಟ್ಟೆ. "ನೀವಿರುವ ಸ್ಥಳವನ್ನು ತಿಳಿಯಲು ಅನುಮತಿ ನೀಡುವಿರಾ?" ಎಂದು ತೆರೆ ಕೇಳಿತು. ಅವರು ಕೆಂಡ ಮುಟ್ಟಿದವರಂತೆ ಫೋನನ್ನು ಹೊರಸಿನ ಮೇಲೆ ಬಿಟ್ಟರು.

"ಯಾಕ್ರಿ, ನಾ ಏನ್ ಮಾಡೇನಿ?"

"ಪಶುವೈದ್ಯರಿಗೆ ನಿಮ್ಮ ಮನೆಯ ದಾರಿ ತಿಳಿಯಲಿ ಎಂದು."

"ದಾರಿ ತೋರ್ಸಾಕ ನಾ ಓಣಿ ತುದಿಗೆ ನಿಂದರ್ತೇನ್ರಿ." ಒಳಬಾಗಿಲಿನತ್ತ ನೋಡಿ ದನಿ ತಗ್ಗಿಸಿದರು. "ಇಪ್ಪತ್ತು ವರ್ಷಾತು, ಎಲ್ಲಿಗೆ ಹೊಂಟೇನಂತ ಮನ್ಯಾಗಿನಾಕಿಗೇ ಹೇಳಿಲ್ಲ. ನಿಮಗ ಹೇಳ್ಲೇನು?"

ಒಳಗಿನಿಂದ ಹೆಂಡತಿಯ ದನಿ ಬಂತು: "ಒತ್ತ ತಂಗಿ, ಒತ್ತ! ಆಮ್ಯಾಲೆ ನನ್ನ ಫೋನಿಗೂ ಅದನ್ನ ಹಾಕು!"

೨. ಹನ್ನೊಂದು ಮನೆಗೆ ಒಂದು

ಪ್ರತಿ ಎಮ್ಮೆಯ ಫೋಟೊ ಆಪ್‌ನಲ್ಲಿ ಇರಬೇಕೆಂಬುದು ಸಂಘದ ನಿಯಮ. ಒಂದು ದಿನ ನಮ್ಮ ಪ್ರೋಗ್ರಾಮರ್ ಬಿಳಿಚಿಕೊಂಡು ಕರೆದರು: "ಅಕ್ಕಾರ, ಇಲ್ಲಿ ನೋಡ್ರಿ." ಹಿರೇಬೆಂಡಿಗೇರಿಯ ಹನ್ನೊಂದು ಮನೆಗಳ ಹೆಸರಿನಲ್ಲಿ ಒಂದೇ ಎಮ್ಮೆ. ಎಲುಬು ಎದ್ದ ಮೈ, ಮುರಿದ ಒಂದು ಕೊಂಬು. ಆಪ್ ಫೋಟೊಗಳನ್ನೆಲ್ಲ ಕಲಸಿಬಿಟ್ಟಿದೆ, ನಮ್ಮ ಕಥೆ ಮುಗಿಯಿತೆಂದು ಇಬ್ಬರೂ ಇಡೀ ದಿನ ಊಟ ಬಿಟ್ಟು ದೋಷ ಹುಡುಕಿದೆವು. ಸಿಗಲಿಲ್ಲ. ಮರುದಿನ ಆ ಊರಿಗೇ ಹೋದೆ.

"ಆಪ್ ಚಲೋ ಐತ್ರಿ," ಎಂದರು ಒಬ್ಬ ಹಿರಿಯರು. "ತುಂಬಿದ ಕೆಚ್ಚಲಿನ ಎಮ್ಮಿ ಫೋಟೋ ಹಾಕಿದ್ರ ನಾಲ್ಕು ತಾಲೂಕಿನ ಕಣ್ಣು ಬೀಳ್ತಾವು. ಅದಕ್ಕ ಎಲ್ಲಾರೂ ಈ ಬಡಕಲದ್ದ ತಗಸಿದ್ವಿ."

ಆ ಬಡಕಲು ಎಮ್ಮೆಯ ಒಡೆಯನೊಬ್ಬ ಮಾತ್ರ ಅದರ ಫೋಟೊ ಹಾಕಿರಲಿಲ್ಲ. ಹನ್ನೊಂದು ಮನೆಯಲ್ಲಿ ಹೆಸರಾದ ಎಮ್ಮೆಗೂ ದೃಷ್ಟಿ ತಾಗೀತೆಂದು ತನ್ನ ಮುಖವನ್ನೇ ಹಾಕಿದ್ದ.

೩. ಎರಡು ದಿನ ಮೊದಲು

ಎಮ್ಮೆ ಸತ್ತರೆ ಒಡೆಯನಿಗೆ ಹೋಗಬೇಕಾದ ಸಂದೇಶವನ್ನು ಮೂರು ದಿನ ತಿದ್ದಿ ಬರೆದಿದ್ದೆ: "ನಿಮ್ಮ ಎಮ್ಮೆಯ ಮರಣವನ್ನು ದಾಖಲಿಸಲಾಗಿದೆ. ಸಂಘವು ನಿಮ್ಮ ದುಃಖದಲ್ಲಿ ಭಾಗಿಯಾಗಿದೆ." ಸೋಮವಾರ ಬೆಳಿಗ್ಗೆ ಪ್ರೋಗ್ರಾಮರ್, "ಒಂದ್ಸಲ ಕಳಿಸಿ ನೋಡ್ರಿ, ಬರೇ ನಮ್ಮ ಫೋನಿಗೆ ಬರ್ತೇತಿ" ಎಂದರು. ಒತ್ತಿದೆ. ನಮ್ಮ ಫೋನುಗಳು ಸುಮ್ಮನಿದ್ದವು. ಯಾರಿಗೆ ಹೋಗಿದೆಯೆಂದು ಪಟ್ಟಿ ನೋಡಿದೆ. "ಪರೀಕ್ಷೆ"ಯ ಬದಲು "ಎಲ್ಲ ಸದಸ್ಯರು" ಎಂಬುದನ್ನು ಆರಿಸಿದ್ದೆ. ಸಂದೇಶದ ಜೊತೆಗೇ ಮರಣವೂ ದಾಖಲಾಗುವಂತೆ ಮಾಡಿದ್ದರಿಂದ ನಾಲ್ಕು ತಾಲೂಕಿನ ಎಮ್ಮೆಗಳೆಲ್ಲ ಆಪ್‌ನಲ್ಲಿ ಒಂದೇ ಕ್ಷಣಕ್ಕೆ ಸತ್ತಿದ್ದವು.

ಮೊದಲ ಕರೆ ಹಿರೇಕೆರೂರಿನಿಂದ ಬಂತು. "ಅಕ್ಕಾರ, ನಮ್ಮ ಎಮ್ಮಿ ಇನ್ನೂ ನಿಂತೇತ್ರಿ. ಸಾಯೂದು ಬುಧವಾರೇನು?"

"ಸಾಯುವುದಿಲ್ಲ ಅಣ್ಣಾರ. ತಪ್ಪಿ ಹೋದ ಸಂದೇಶ ಅದು."

"ನನಗ ಧೈರ್ಯ ಹೇಳಬ್ಯಾಡ್ರಿ. ನಿಮ್ಮ ಆಪ್ ಯಾವಾಗ್ಲೂ ಎರಡು ದಿನ ಮೊದಲ ಹೇಳ್ತೇತಿ, ಒಂದ್ಸಲಾನೂ ತಪ್ಪಿಲ್ಲ." ಬಕೆಟ್ ಕೆಳಗಿಟ್ಟ ಸದ್ದು ಕೇಳಿಸಿತು. "ಬುಧವಾರತನಕ ಹಿಂಡಿ ಹಾಕೂದೋ ಬ್ಯಾಡೋ, ಅದೊಂದು ಹೇಳಿಬಿಡ್ರಿ."

೪. ಹಾನಗಲ್ಲಿನ ಸಭೆ

ದಾಖಲಾದ ಮರಣವನ್ನು ಸಂಘದ ಒಪ್ಪಿಗೆಯಿಲ್ಲದೆ ಅಳಿಸಬಾರದೆಂಬ ನಿಯಮವನ್ನು ನಾವೇ ಮಾಡಿದ್ದೆವು. ಹೀಗಾಗಿ ಶುಕ್ರವಾರ ಹಾನಗಲ್ಲಿನಲ್ಲಿ ಸಭೆ ಸೇರುವವರೆಗೂ ಎಮ್ಮೆಗಳು ಸತ್ತೇ ಇದ್ದವು. ಬಸ್ಸಿನಲ್ಲಿ ಮಾಲೀಕರು ಎಚ್ಚರಿಸಿದರು: "ತಪ್ಪು ನೆಟ್‌ವರ್ಕಿಂದು. ನೀವು ಬಾಯಿ ಬಿಡಬ್ಯಾಡ್ರಿ."

ಸಭಾಂಗಣ ತುಂಬಿತ್ತು. ಆಪ್ ಇರಬೇಕೋ ಬೇಡವೋ ಎಂದು ಅಧ್ಯಕ್ಷರು ಕೇಳುವ ಮೊದಲೇ ಆಡೂರಿನ ಒಬ್ಬ ಅಜ್ಜಿ ಎದ್ದುನಿಂತು ಫೋನನ್ನು ಮೇಲೆತ್ತಿ ಹಿಡಿದಳು.

"ನನ್ನ ಎಮ್ಮಿ ಸತ್ತೇತಿ ಅಂತ ಕಳಿಸಿದವ್ರು ಯಾರು?"

ಮಾಲೀಕರು ಫ್ಯಾನಿನ ಕಡೆ ನೋಡಿದರು. ನಾನು ಎದ್ದೆ. "ನಾನ್ರೀ, ಅಮ್ಮಾರ."

"ನಿನ್ನ ಹೊಟ್ಟಿ ತಣ್ಣಗಿರಲಿ, ಯವ್ವಾ!" ಎಂದಳು ಅಜ್ಜಿ. "ನಮ್ಮ ಬೀಗರು ದಿನಾ ತಂಬಿಗಿ ಹಿಡ್ಕೊಂಡು ಹಾಲಿಗೆ ಬರ್ತಿದ್ರು. ಬ್ಯಾಡ ಅನ್ನಾಕ ಬಾಯಿ ಬರ್ತಿರಲಿಲ್ಲ. ಇದನ್ನ ತೋರಿಸಿದ್ನಿ. ಅತ್ತು, ಸಮಾಧಾನ ಹೇಳಿ ಹೋದವ್ರು ಮತ್ತ ಬಂದಿಲ್ಲ. ಅದನ್ನ ಬದುಕಿಸಬ್ಯಾಡ."

"ನಮ್ಮದೂ ಸತ್ತ ಇರಲಿ!" ಎಂದರು ಹಿಂದಿನ ಸಾಲಿನವರು. ಕೈಗಳು ಒಂದರ ಹಿಂದೊಂದು ಎದ್ದವು.

ಅಧ್ಯಕ್ಷರು ನಗು ನುಂಗಿ, "ಹಂಗಾದ್ರ ಎಮ್ಮಿ ಸತ್ತ ಇರಲಿ, ಆಪ್ ಇಟ್ಕೊಳ್ಳೂಣು. ಏನಂತೀರಿ ತಂಗಿ?" ಎಂದರು.

"ಹೂಂ ಅನ್ರಿ," ಮಾಲೀಕರು ಹಲ್ಲು ಕಚ್ಚಿ ಪಿಸುಗುಟ್ಟಿದರು. "ನಿಮ್ಮ ನೌಕರಿ ಉಳೀತೇತಿ."

ಹೂಂ ಎನ್ನುವುದು ಬಲು ಸುಲಭವಿತ್ತು. ಆದರೆ ಸತ್ತ ಎಮ್ಮೆಗೆ ಲಸಿಕೆಯ ನೆನಪು ಹೋಗುವುದಿಲ್ಲ. ರೋಗ ಬಂದರೆ ಅದು ಆಪ್‌ನಲ್ಲಲ್ಲ, ಕೊಟ್ಟಿಗೆಯಲ್ಲಿಯೇ ಸಾಯುತ್ತದೆ. ಇಷ್ಟನ್ನು ಹೇಳಿ, ನಿಯಮ ಮೀರಿದರೂ ನೌಕರಿ ಹೋದರೂ ಸರಿಯೆಂದು, ಎಲ್ಲರಿಗೂ ಕೇಳುವಂತೆ ನನ್ನ ನಿರ್ಧಾರ ತಿಳಿಸಿದೆ:

"ಕ್ಷಮಿಸಬೇಕು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮೆಲ್ಲರ ಎಮ್ಮೆಗಳನ್ನೂ ನಾನು ಬದುಕಿಸುತ್ತೇನೆ."