ಎರಡಾಣೆಯ ಬಾಗಿಲಲ್ಲಿ ನಿಂತವರು ಯಾರು?

ಈ ಅಜ್ಜಿ ನಾಣ್ಯ ಕೂಡಿಸುತ್ತಾಳೆ ಎಂದು ಒಮ್ಮೆ ಬೀದಿಗೆ ಗೊತ್ತಾದರೆ ಮುಗಿಯಿತು. ನಗೆಪಾಟಲಾಗಲು ಆಮೇಲೆ ಬೇರೆ ಪ್ರಯತ್ನವೇ ಬೇಕಿಲ್ಲ, ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಆಗುತ್ತಿರುತ್ತದೆ. ಹೋದ ಒಂದೇ ವರ್ಷದಲ್ಲಿ ನನಗಾದದ್ದನ್ನು ಹೇಳುತ್ತೇನೆ.

ಗುರಿ

ನಾನು ಹುಟ್ಟಿದ್ದು ಬೀದರ್ ಕಡೆಯ ಒಂದು ಹಳ್ಳಿಯಲ್ಲಿ. ಯಜಮಾನರ ನೌಕರಿಯ ಹಿಂದೆ ವಿಜಯಪುರಕ್ಕೆ ಬಂದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ನನ್ನ ತವರಿನವರು ಇಂದಿಗೂ ಇದನ್ನು ಗೋಳಗುಮ್ಮಟದ ವಿಜಯಪುರ ಅಂದುಕೊಂಡು, "ಅಷ್ಟು ಹತ್ರ ಇದ್ರೂ ಬರೂದಿಲ್ಲಲ್ಲ ನೀ" ಎಂದು ಮುನಿಸಿಕೊಳ್ಳುತ್ತಾರೆ. ಯಜಮಾನರು ಹೋದಮೇಲೆ ಮಗ ಸೊಸೆಯ ಜೊತೆ ಇಲ್ಲೇ ಇದ್ದೇನೆ.

ಜನವರಿ ಒಂದನೇ ತಾರೀಖು ಕೇಕ್ ತಿನ್ನುತ್ತಾ ಎಲ್ಲರೂ ಆ ವರ್ಷದ ಗುರಿ ಹೇಳಬೇಕು ಅನ್ನುವುದು ನಮ್ಮ ಮನೆಯಲ್ಲಿ ಸೊಸೆ ತಂದ ಪದ್ಧತಿ. ಮಗ ಹೊಟ್ಟೆ ಇಳಿಸುತ್ತೇನೆ ಅಂದ. ಸೊಸೆ ಸ್ಕೂಟರ್ ಕಲಿಯುತ್ತೇನೆ ಅಂದಳು. ನಾನು, "ನಿಜಾಮನ ಕಾಲದ ಎರಡಾಣೆ ಹುಡುಕ್ತೀನಿ" ಅಂದೆ.

ಅದರ ಹಿಂದೆ ಒಂದು ಕತೆ ಇದೆ. ನಮ್ಮ ಕಡೆ ಆಗ ನಿಜಾಮನ ದುಡ್ಡು ನಡೆಯುತ್ತಿತ್ತು. ಅದರ ಚಲಾವಣೆ ನಿಂತಮೇಲೂ ನಮ್ಮಜ್ಜಿ ಒಂದು ಎರಡಾಣೆಯನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದಳು. ಉಗುರಿನಷ್ಟು ಅಗಲದ ಬೆಳ್ಳಿ. ಅದರ ಮೇಲೆ ಚಾರ್‌ಮಿನಾರ್, ಚಾರ್‌ಮಿನಾರಿಗೆ ಒಂದು ಬಾಗಿಲು, ಬಾಗಿಲಲ್ಲಿ ಯಾರೋ ಒಬ್ಬರು ನಿಂತಂತೆ ಒಂದು ಗುರುತು.

"ಅದ್ಯಾರು ಅಜ್ಜಿ ನಿಂತಿದ್ದು?"

"ನಿಜಾಮ ಇರಬೇಕು. ಅವನ ಬಾಗಿಲಾಗ ಅವನೇ ನಿಲ್ಲಬೇಕಲ್ಲ."

ನನಗೆ ನಂಬಿಕೆ ಬರಲಿಲ್ಲ. ಅಷ್ಟು ದೊಡ್ಡ ರಾಜ ಬಾಗಿಲಲ್ಲಿ ಯಾಕೆ ನಿಲ್ಲುತ್ತಾನೆ? ಅಜ್ಜಿ ಹೋದಳು, ನಾಣ್ಯವೂ ಎಲ್ಲೋ ಹೋಯಿತು, ಪ್ರಶ್ನೆ ಮಾತ್ರ ನನ್ನ ಜೊತೆ ವಿಜಯಪುರದವರೆಗೂ ಬಂತು.

ಮಗ ಫೋನು ನೋಡಿ ಎರಡೇ ನಿಮಿಷದಲ್ಲಿ, "ಅದು ಮನುಷ್ಯ ಅಲ್ಲಮ್ಮ, ಒಂದು ಅಕ್ಷರ. ಬೇಕಾದ್ರೆ ನಾಣ್ಯಾನೇ ಆರ್ಡರ್ ಮಾಡ್ತೀನಿ, ನಾಳೆ ಮನೆಗೆ ಬರುತ್ತೆ" ಅಂದ.

"ಬ್ಯಾಡಪ್ಪಾ. ಕೊಂಡ್ರೆ ಅದು ಸಾಮಾನು. ನಾಣ್ಯ ಕೈಯಿಂದ ಕೈಗೆ ಬರಬೇಕು. ಬಾಗಿಲಲ್ಲಿ ಯಾರಿದ್ದಾರೆ ಅಂತ ನಾನೇ ಕಣ್ಣಾರೆ ನೋಡಬೇಕು."

ಮಗ ಎರಡನೇ ತುಂಡು ಕೇಕ್ ತೆಗೆದುಕೊಂಡು ನಿಟ್ಟುಸಿರು ಬಿಟ್ಟ. "ಮೂರರಲ್ಲಿ ನನ್ನ ಗುರೀನೇ ಸುಲಭ ಕಣಮ್ಮ."

ಫ್ರೀ ಟಿಕೆಟ್

ಹಳೆಯ ನಾಣ್ಯಗಳು ಒಮ್ಮೊಮ್ಮೆ ಚಿಲ್ಲರೆಯಲ್ಲಿ ಬೆರೆತು ಬರುತ್ತವೆ ಎಂದು ಕೇಳಿದ್ದೆ. ಚಿಲ್ಲರೆ ಇರುವುದು ಕಂಡಕ್ಟರ ಹತ್ತಿರ. ದೇವನಹಳ್ಳಿಯ ಬಸ್ಸು ಹತ್ತಿ ನೂರು ರೂಪಾಯಿ ನೋಟು ಚಾಚಿದೆ.

"ಅಜ್ಜಿ, ಲೇಡೀಸ್‌ಗೆ ಫ್ರೀ. ಆಧಾರ್ ತೋರ್ಸಿ ಸಾಕು."

"ನನಗೆ ಫ್ರೀ ಬ್ಯಾಡ್ರಿ. ದುಡ್ಡು ತಗೊಂಡು ಚಿಲ್ಲರೆ ಕೊಡ್ರಿ."

"ದುಡ್ಡು ತಗೊಂಡ್ರೆ ಚೆಕಿಂಗ್‌ನೋರು ನನ್ನ ಹಿಡ್ಕೊತಾರೆ!"

"ಹಂಗಾದ್ರ ನಿಮ್ಮ ಚೀಲ ಒಂದ್ಸಲ ತೋರಿಸ್ರಿ. ಬರೀ ನೋಡಿ ಕೊಡ್ತೀನಿ."

ಇಡೀ ಬಸ್ಸು ತಿರುಗಿ ನೋಡಿತು. ಹಿಂದಿನ ಸೀಟಿನವನೊಬ್ಬ, "ಗುರು, ಇವ್ರೇ ಚೆಕಿಂಗ್‌ನೋರು ಇರ್ಬೇಕು, ಮಫ್ತೀಲಿ ಬಂದವ್ರೆ!" ಅಂದ. ಕಂಡಕ್ಟರು ಪಾಪ, ಚೀಲದ ಬಾಯಿ ಅಗಲಿಸಿ ತೋರಿಸಿದ. ಒಳಗೆ ಸ್ಕ್ಯಾನ್ ಮಾಡುವ ಕಾರ್ಡು, ತಲೆನೋವಿನ ಮಾತ್ರೆ, ಅರ್ಧ ತಿಂದ ಬನ್ನು.

"ಹೆಂಗಸ್ರು ಫ್ರೀ, ಗಂಡಸ್ರು ಫೋನ್‌ಪೇ. ಚಿಲ್ಲರೆ ಮುಖ ನೋಡಿ ನನಗೇ ಎಷ್ಟೋ ದಿನ ಆಯ್ತಜ್ಜಿ. ನಿಮ್ಗೆಲ್ಲಾದ್ರೂ ಸಿಕ್ರೆ ನನಗೂ ಒಂಚೂರು ತೋರ್ಸಿ."

ನಡೆಯದ ನಾಣ್ಯ

ನಮ್ಮ ಬೀದಿಯ ದಿನಸಿ ಅಂಗಡಿಯವರಿಗೂ ನನ್ನ ಸುದ್ದಿ ತಲುಪಿತು. ಈ ಕಡೆ ಹತ್ತು ರೂಪಾಯಿ ನಾಣ್ಯ ಯಾರಿಗೆ ಕೊಟ್ಟರೂ "ಇದು ನಡೆಯಲ್ಲ" ಎಂದು ವಾಪಸ್ಸು ಬರುವುದು ನಿಮಗೆ ಗೊತ್ತೇ ಇದೆ. ಅಂಗಡಿಯವರು ಒಂದು ಡಬ್ಬಿ ತುಂಬ ಅದನ್ನೇ ತಂದು, "ಅಮ್ಮಾ, ನಿಮಗೆ ಇಷ್ಟ ಅಲ್ವಾ" ಎಂದು ಪ್ರೀತಿಯಿಂದ ನನ್ನ ಮುಂದಿಟ್ಟು ನೋಟು ತೆಗೆದುಕೊಂಡು ಹೋದರು. ಮರುದಿನ ನಾನು ಅವರಲ್ಲೇ ಬೇಳೆ ಕೊಂಡು ಅದೇ ನಾಣ್ಯ ಕೊಟ್ಟೆ.

"ಅಯ್ಯೋ ಅಮ್ಮಾ, ಇದು ನಡೆಯಲ್ಲ."

ವರಮಹಾಲಕ್ಷ್ಮಿ

ನಮ್ಮ ಸೊಸೆ ಸೂಲಿಬೆಲೆಯವಳು, ಕೆಲಸದಲ್ಲಿ ಚುರುಕು. ವರಮಹಾಲಕ್ಷ್ಮಿ ಹಬ್ಬದ ದಿನ ನಾನು ಸ್ನಾನ ಮುಗಿಸಿ ಬಂದರೆ, ಲಕ್ಷ್ಮಿಯ ಮುಂದೆ ತಟ್ಟೆಯೊಂದು ಫಳಫಳ ಹೊಳೆಯುತ್ತಿದೆ. ನೋಡಿದರೆ ನನ್ನ ನಾಣ್ಯಗಳು! ನೂರು ವರ್ಷದ ಕಪ್ಪು ಕಟ್ಟಿದ್ದ ತಾಮ್ರದ ಕಾಸುಗಳು ಇವತ್ತು ಬೆಳಿಗ್ಗೆ ಹುಟ್ಟಿದಂತಿವೆ.

"ಹುಣಸೆಹಣ್ಣು ಹಾಕಿ ಉಜ್ಜಿದೆ ಅತ್ತೆ. ಎಷ್ಟು ಕೊಳೆ ಹೋಯ್ತು ಗೊತ್ತಾ!"

ನನಗೆ ಅಳು ಬಂತು. ಹಬ್ಬದ ದಿನ ಅಳಬಾರದಲ್ಲ, ಅದಕ್ಕೆ ಭಾಷಣ ಮಾಡಿದೆ. ನಾಣ್ಯವನ್ನು ಯಾವತ್ತೂ ತೊಳೆಯಬಾರದು. ಎಷ್ಟೇ ಹೊಲಸಾಗಿರಲಿ, ಕೈಗೆ ಹೇಗೆ ಬಂತೋ ಹಾಗೇ ಇಡಬೇಕು. ಆ ಕೊಳೆಯೇ ಅದರ ವಯಸ್ಸು, ಅದೇ ಅದರ ಮರ್ಯಾದೆ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೂ ಹೇಳಿದೆ. ಪಕ್ಕದ ಮನೆಯ ಆಪಾಗೆ ಕಾಂಪೌಂಡಿನ ಮೇಲಿಂದ ಎರಡು ಸಲ ಹೇಳಿದೆ.

ಸೊಸೆ ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಅತ್ತೆ, ನೀವ್ಯಾಕೆ ದಿನಾ ಸ್ನಾನ ಮಾಡ್ತೀರಾ?" ಅಂದಳು.

ಆಪಾ ಮನೆಯ ಎರಡಾಣೆ

ಡಿಸೆಂಬರ್ ಬಂತು. ನನ್ನ ಗುರಿ ಇದ್ದಲ್ಲೇ ಇತ್ತು. ಮಗ ದಿನಾ ಸಂಜೆ, "ಆರ್ಡರ್ ಮಾಡ್ಲಾ?" ಎಂದು ಕಿಚಾಯಿಸುತ್ತಿದ್ದ. ವಯಸ್ಸು ನೋಡಿದರೆ ಇನ್ನೊಂದು ವರ್ಷಕ್ಕೆ ಮುಂದೂಡುವ ಧೈರ್ಯ ನನಗಿರಲಿಲ್ಲ.

ಆಪಾ ಅಂದೆನಲ್ಲ, ಅವರದು ರೇಷ್ಮೆ ನೂಲು ಹುರಿ ಮಾಡುವ ಮನೆತನ. ನನಗಿಂತ ಚಿಕ್ಕವರು, ಆದರೂ ಬೀದಿಯವರೆಲ್ಲ ಆಪಾ, ಅಂದರೆ ಅಕ್ಕ, ಅನ್ನುವುದರಿಂದ ನನಗೂ ಆಪಾ. ಒಂದು ಬೆಳಿಗ್ಗೆ ಅವರು ಮನೆಗೆ ಸುಣ್ಣ ಹೊಡೆಸಲು ಹಳೆಯ ಟ್ರಂಕು ಖಾಲಿ ಮಾಡುತ್ತಾ ನನ್ನನ್ನು ಕೂಗಿದರು. ಅವರ ಕೈಯಲ್ಲಿ ಮಾಸಿದ ಹಸಿರು ಬಟ್ಟೆಯ ಪಟ್ಟಿಯಿತ್ತು.

"ಇದು ನಮ್ಮ ಅತ್ತೆಮ್ಮಂದು. ಇಮಾಮ್ ಜಾಮಿನ್. ಪ್ರಯಾಣ ಹೊರಟೋರ ತೋಳಿಗೆ ನಾಣ್ಯ ಇಟ್ಟು ಕಟ್ತೀವಲ್ಲ, ಅದು. ಊರು ಸೇರಿದ ಮೇಲೆ ನಾಣ್ಯ ಬಡವರಿಗೆ ಕೊಟ್ಬಿಡಬೇಕು. ಅತ್ತೆಮ್ಮ ಗುಲ್ಬರ್ಗಾದಿಂದ ಮದುವೆಯಾಗಿ ಬಂದಾಗ ಕಟ್ಟಿದ್ದು. ಕೊನೇವರೆಗೂ ಕೊಡಲಿಲ್ಲ."

"ಯಾಕೆ?"

"ಕೇಳಿದ್ರೆ, 'ನಾನಿನ್ನೂ ಊರು ಸೇರಿಲ್ಲ' ಅನ್ನೋರು."

ನಾನು ಆ ಪಟ್ಟಿಯನ್ನೊಮ್ಮೆ ಸವರಿದೆ. ಆಪಾ ಹೊಲಿಗೆ ಬಿಚ್ಚಿದರು. ಉಗುರಿನಷ್ಟು ಬೆಳ್ಳಿ, ಮೇಲೆ ಚಾರ್‌ಮಿನಾರ್! ಬಾಗಿಲು ನೋಡೋಣವೆಂದರೆ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೆ.

"ಆಪಾ, ಇದನ್ನ ನನಗೆ ಕೊಡ್ರಿ."

"ಅರೆ ಅಮ್ಮಾ, ಹೆಂಗೆ ಕೊಡ್ಲಿ? ಬಡವರಿಗೆ ಸೇರಬೇಕಾದ್ದು. ನಿಮಗೆ ಪೆನ್ಷನ್ ಬರುತ್ತೆ."

"ಅರ್ಧ ಪೆನ್ಷನ್ ರೀ!"

"ಸೊಸೆ ಸ್ಕೂಟರ್ ತಗೊಂಡವಳೆ."

"ಅದು ಸಾಲದಾಗ ತಂದದ್ದು! ಇಡೀ ಬೀದಿಯಾಗ ನನ್ನಷ್ಟು ಬಡವಿ ಯಾರಿದ್ದಾರ್ರೀ?"

ಹೀಗೆ ನನ್ನ ಬಡತನ ಸಾಬೀತು ಮಾಡುವ ಭರದಲ್ಲಿ ಇಬ್ಬರೂ ಚಾಪೆಯ ಮೇಲಿಟ್ಟ ನಾಣ್ಯದ ಕಡೆ ನೋಡಲಿಲ್ಲ. ತಿರುಗಿದಾಗ ಅಲ್ಲಿ ನಾಣ್ಯವಿರಲಿಲ್ಲ. ಆಪಾನ ಎರಡು ವರ್ಷದ ಮೊಮ್ಮಗಳು ಮಾತ್ರ ಕೂತಿದ್ದಳು, ಏನೋ ನುಂಗಿದ ಮುಖ ಮಾಡಿಕೊಂಡು.

ಆಟೋದಲ್ಲಿ ನರ್ಸಿಂಗ್ ಹೋಮಿಗೆ ಓಡಿದೆವು. ಎಕ್ಸ್‌ರೇ ತೆಗೆದರು. ಮಗುವಿನ ಹೊಟ್ಟೆಯ ನಡುವೆ ಪುಟ್ಟ ಬಿಳಿ ಚಂದ್ರ.

"ಗಾಬರಿ ಬೇಡ, ಹೊಟ್ಟೆಗೆ ಇಳಿದಿದೆ. ಎರಡು ಮೂರು ದಿನದಲ್ಲಿ ತಾನಾಗಿ ಬರುತ್ತೆ" ಅಂದರು ಡಾಕ್ಟರು. ಆಪಾ ಅಲ್ಲಾನ ನೆನೆದು ಕುರ್ಚಿಯಲ್ಲಿ ಕುಸಿದರು. ನನಗೂ ಜೀವ ಬಂತು. ಜೀವ ಬಂದ ಕೂಡಲೇ ಬಾಯಿ ತಡೆಯಲಿಲ್ಲ.

"ಡಾಕ್ಟ್ರೇ, ಬಾಗಿಲು ಏನಾದ್ರೂ ಕಾಣ್ತದೇನ್ರಿ?"

"ಯಾವ ಬಾಗಿಲಮ್ಮಾ?"

"ಚಾರ್‌ಮಿನಾರಿಂದು."

ಡಾಕ್ಟರು ಎಕ್ಸ್‌ರೇಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇವರಿಗೆ ಬಿಪಿ ಚೆಕ್ ಮಾಡಿ" ಎಂದು ನರ್ಸಿಗೆ ಹೇಳಿದರು.

ಬಂತು

ಮಾರನೆಯ ದಿನದಿಂದ ನಾನು ಬೆಳಿಗ್ಗೆ ಸಂಜೆ ಬಾಳೆಹಣ್ಣು ಹಿಡಿದು ಕಾಂಪೌಂಡಿನ ಹತ್ತಿರ ನಿಂತು "ಬಂತಾ?" ಅನ್ನುವುದು, ಆಪಾ ಒಳಗಿನಿಂದ "ಇನ್ನೂ ಇಲ್ಲಾ" ಅನ್ನುವುದು. ಹಾಲಿನವನು ಎರಡು ದಿನ ಕೇಳಿ ಮೂರನೆಯ ದಿನ, "ಯಾರಜ್ಜಿ ಬರ್ಬೇಕು? ಬಸ್‌ಸ್ಟ್ಯಾಂಡಿಂದ ನಾನೇ ಕರ್ಕೊಂಡ್ಬರ್ತೀನಿ" ಅಂದ.

ಅವತ್ತು ವರ್ಷದ ಕೊನೆಯ ದಿನ. ಮಗನ ಹೊಟ್ಟೆ ಇಳಿದಿರಲಿಲ್ಲ. ಸೊಸೆಯ ಸ್ಕೂಟರು ಮುಂದಿನ ದೀಪ ಒಡೆದುಕೊಂಡು ಮೂಲೆಯಲ್ಲಿ ನಿಂತಿತ್ತು. ಸಂಜೆ ನಾವು ಮೂವರೂ ಕೇಕಿನ ಮುಂದೆ ಕೂತಿದ್ದಾಗ ಆಪಾ ಬಂದರು. ಕೈಯಲ್ಲಿ ನ್ಯೂಸ್‌ಪೇಪರಿನ ಪೊಟ್ಟಣ. ಮುಖದಲ್ಲಿ ನಗು.

"ಬಂತು!"

ನಾನು ಎದ್ದು ನಿಂತೆ. "ಮಗು?"

"ಆರಾಮಾಗಿದೆ, ಬಿಸ್ಕತ್ತು ತಿಂತಾ ಕೂತಿದೆ. ತಗೊಳ್ಳಿ ಅಮ್ಮಾ, ಇದು ನಿಮ್ದೇ. ಅತ್ತೆಮ್ಮನ ಹೆಸರಲ್ಲಿ ಬಡವರಿಗೆ ಬೇರೆ ಊಟ ಹಾಕಿಸಿದೀನಿ. ಇದನ್ನ ದಾನ ಅಂತ ಯಾರ ಕೈಗೆ ಕೊಡ್ಲಿ ಹೇಳಿ!"

ಕೈಯಿಂದ ಕೈಗೆ ಬರಬೇಕು ಎಂದಿದ್ದವಳು ನಾನೇ. ಕನ್ನಡಕ ಹಾಕಿಕೊಂಡು, ಭೂತಗನ್ನಡಿ ಹಿಡಿದು, ಪೊಟ್ಟಣ ಬಿಚ್ಚಿದೆ. ಮಗ ಕೇಕ್ ಸಮೇತ ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಚಾರ್‌ಮಿನಾರ್ ಅಲ್ಪಸ್ವಲ್ಪ ಕಾಣುತ್ತಿತ್ತು. ಬಾಗಿಲು ಮಾತ್ರ ಪೂರ್ತಿ ಮುಚ್ಚಿಹೋಗಿತ್ತು.

ನಾನು ಆಪಾನ ಮುಖ ನೋಡಿದೆ. ಆಪಾ ಎದೆಯ ಮೇಲೆ ಕೈಯಿಟ್ಟು ಹೆಮ್ಮೆಯಿಂದ ಹೇಳಿದರು:

"ನೀವು ಹೇಳಿದ ಮಾತು ಮರೆತಿಲ್ಲಮ್ಮಾ. ಒಂದು ತೊಟ್ಟು ನೀರು ಸೋಕಿಸಿಲ್ಲ. ಹೆಂಗೆ ಬಂತೋ ಹಂಗೇ ತಂದಿದೀನಿ."

ಸೊಸೆ ನಗು ತಡೆದುಕೊಂಡು, "ಅತ್ತೆ, ಹೊಸ ವರ್ಷಕ್ಕೆ ನಿಮ್ಮ ಗುರಿ ಏನು?" ಅಂದಳು.

"ಅದಿರಲಿ," ಅಂದೆ, "ಮನೇಲಿ ಹುಣಸೆಹಣ್ಣು ಅದಾ?"